ಅಜ್ಜಯ್ಯನ ಪೀಶಕತ್ತಿಗೆ ಬೆಲೆ ಕಟ್ಟಿಸಿದ್ದು: ಮಟನ್ ಸ್ಟ್ರೀಟಿನ ಒಂದು ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಶುಕ್ರವಾರ ಹೋಗಬೇಡಿ. ನಾನು ಹೋಗಿ ಕೆಟ್ಟೆ. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಅಂದು ಹಳೇ ಸಾಮಾನಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ರಸ್ತೆ ತುಂಬ ಜುಮ್ಮಾ ಬಜಾರ್. ಹಳೇ ಚಪ್ಪಲಿ, ಮಿಕ್ಸಿ ಜಾರು, ಒಂಟಿ ಸ್ಪೀಕರು. ಡೊಂಬಿವಲಿಯಿಂದ ಲೋಕಲಿನಲ್ಲಿ ನಿಂತುಕೊಂಡೇ ಬಂದವಳು ಹಾಗೇ ವಾಪಸ್ಸು. ಮುಂದಿನ ಮಂಗಳವಾರ ಮತ್ತೆ ಹೊರಟೆ.

ಚೀಲದಲ್ಲಿದ್ದುದು ಅಜ್ಜಯ್ಯನ ಪೀಶಕತ್ತಿ. ಮಡಚುವಂಥದ್ದು, ಎರಡು ಅಲಗು. ಕುಂದಾಪುರದಿಂದ ಬಂದು ಫೋರ್ಟಿನ ಕ್ಯಾಂಟೀನೊಂದರಲ್ಲಿ ದುಡಿದವರು ಅವರು. ಕೂತಲ್ಲೇ ಅಡಿಕೆ ಹೋಳು ಮಾಡುತ್ತಿದ್ದರಂತೆ. "ರಾಣಿ ವಿಕ್ಟೋರಿಯಾ ಕಾಲದ್ದು, ಹಿಡಿ ಆನೆದಂತದ್ದು" ಅನ್ನುವುದು ನಮ್ಮ ಮನೆಯ ಪುರಾಣ. ಪಾಲಿನ ಮಾತು ಬಂದಾಗ ಅಣ್ಣ ಇದಕ್ಕೇ ಒಂದು ಲಕ್ಷ ಹಿಡಿದು ಲೆಕ್ಕ ಹಾಕಿದ. ಹಾಗಾಗಿ ಬೆಲೆ ಕಟ್ಟಿಸಲೇಬೇಕಾಯಿತು.

ಅಂಗಡಿಯ ಹೆಸರು ಹಾಕಬೇಡಿ ಎಂದು ಅದರ ಯಜಮಾನರು, ಚಾಚಾ ಅವರೇ ಹೇಳಿದ್ದಾರೆ, ಹಾಕುವುದಿಲ್ಲ. ಒಳಗೆ ಫ್ಯಾನ್ ಇಲ್ಲ. ಕೂರಲು ಇರುವುದು ಒಂದು ಸ್ಟೂಲು, ಅದರ ಮೇಲೆ ಬೆಕ್ಕು. ಮುಕ್ಕಾಲು ಗಂಟೆ ಕಾದೆ.

ಕತ್ತಿ ಬಿಚ್ಚಿದವರೇ ಅವರು ಕೇಳಿದ ಮೊದಲ ಮಾತು: "ಯೇ ಕಿಸ್ ನೇ ಘಿಸಾ?" ಇದನ್ನು ಉಜ್ಜಿದ್ದು ಯಾರು ಅಂತ! ವಿಷಯ ಏನೆಂದರೆ, ಇದಕ್ಕೆ ಮೊದಲು ಬೇರೊಂದು ಕಡೆ ತೋರಿಸಿದ್ದೆ. ಆತ ನನ್ನನ್ನು ಕೇಳದೆಯೇ ಸಣ್ಣ ಅಲಗನ್ನು ಪಾಲಿಶ್ ಚಕ್ರಕ್ಕೆ ಹಿಡಿದು ಕನ್ನಡಿ ಮಾಡಿಕೊಟ್ಟಿದ್ದ. ನನಗೋ ಆಗ ಖುಷಿಯೇ ಆಗಿತ್ತು. ಚಕ್ರಕ್ಕೆ ಸಿಕ್ಕರೆ ಕಂಪನಿಯ ಗುರುತೂ ಸವೆಯುತ್ತದೆ, ಕಾಲದಿಂದ ಕೂತ ಬಣ್ಣವೂ ಹೋಗುತ್ತದೆ, ಅರ್ಧ ಬೆಲೆ ಅಲ್ಲೇ ಹೋಯಿತು ಎಂದರು ಚಾಚಾ. ಪುಣ್ಯಕ್ಕೆ ದೊಡ್ಡ ಅಲಗು ಉಳಿದಿತ್ತು.

ಅದರ ಬುಡ, ಅಂದರೆ ಹಿಡಿಗೆ ಸೇರುವ ಜಾಗ, ಅಲ್ಲಿ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ತೊಟ್ಟು ಬಿಟ್ಟು ಬಟ್ಟೆಯಲ್ಲಿ ಒರೆಸಿದರು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ನೇರ ಬೆಳಕಿನಲ್ಲಿ ಬರೀ ಕಪ್ಪು ಕಲೆ ಆಗಿದ್ದದ್ದು ಈಗ ಅಕ್ಷರವಾಯಿತು. ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ. ಜೋಸೆಫ್ ರಾಡ್ಜರ್ಸ್ ಆಂಡ್ ಸನ್ಸ್, ಶೆಫೀಲ್ಡ್, ಇಂಗ್ಲೆಂಡ್. ಮೇಲೆ 'ಜಿ', ಕಿರೀಟ, 'ಆರ್'. ಕೆಳಗೆ 'ಕಟ್ಲರ್ಸ್ ಟು ಹಿಸ್ ಮೆಜೆಸ್ಟಿ', ಅಂದರೆ ದೊರೆಗೆ ಕತ್ತಿ ಮಾಡಿಕೊಡುವವರು.

"ಹಿಸ್ ಅಂತಿದೆ ನೋಡಿ, ರಾಣಿ ಎಲ್ಲಿಂದ ಬರಬೇಕು?" ಎಂದು ನಕ್ಕರು. ವಿಕ್ಟೋರಿಯಾ ಕಾಲದ್ದಾದರೆ 'ವಿ' ಮತ್ತು 'ಆರ್' ಇರಬೇಕಿತ್ತು, 'ಹರ್ ಮೆಜೆಸ್ಟಿ' ಇರಬೇಕಿತ್ತು. ಆರ್ ಅಂದರೆ ಲ್ಯಾಟಿನ್ನಿನಲ್ಲಿ ದೊರೆ ಅಥವಾ ರಾಣಿ, ಜಿ ಅಂದರೆ ಜಾರ್ಜ್. ಐದನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1910ರಲ್ಲಿ, ಆರನೇ ಜಾರ್ಜ್ ತೀರಿಕೊಂಡದ್ದು 1952ರಲ್ಲಿ. ನಮ್ಮ ಕತ್ತಿ ಇದರ ನಡುವಿನದು. ಕಂಪನಿ ತನ್ನ ಹುಟ್ಟು 1682 ಅಂತ ಹೇಳಿಕೊಳ್ಳುತ್ತದೆ. ಅದನ್ನೇ ಕತ್ತಿಯ ವಯಸ್ಸು ಅಂದುಕೊಂಡು ಬರುವವರು ಬಹಳವಂತೆ. (ನಾನೂ ಅಣ್ಣನಿಗೆ ಹಾಗೇ ಮೆಸೇಜ್ ಹಾಕಿದ್ದೆ, ಇಲ್ಲಿ ಬಾಯಿ ಬಿಡಲಿಲ್ಲ.)

'ಇಂಗ್ಲೆಂಡ್' ಅನ್ನುವ ಪದಕ್ಕೂ ಒಂದು ಕಥೆ ಇದೆ. 1890ರ ಅಮೆರಿಕದ ಸುಂಕದ ಕಾಯ್ದೆ ಬಂದ ಮೇಲೆ ಅಲ್ಲಿಗೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕಾಯಿತು. ಹಾಗಾಗಿ ಬರೀ 'ಶೆಫೀಲ್ಡ್' ಅಂತಿದ್ದರೆ ಇನ್ನೂ ಹಳೆಯದು ಇರಬಹುದು. ಹಾಗೆಯೇ 'ಸ್ಟೇನ್‌ಲೆಸ್' ಅಂತ ಕಂಡರೆ ಅದು 1913ಕ್ಕಿಂತ ಈಚಿನದು. ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಆ ಉಕ್ಕು ಮಾಡಿದ್ದೇ ಆ ವರ್ಷ. ನಮ್ಮದು ಕಾರ್ಬನ್ ಉಕ್ಕು, ಬಾಳೆಕಾಯಿ ಕೊಯ್ದರೆ ಕಪ್ಪಾಗುವ ಜಾತಿ.

ನಕಲಿಯನ್ನೂ ತೆಗೆದು ತೋರಿಸಿದರು. ಹೆಸರಿನಲ್ಲಿ 'ಡಿ' ಅಕ್ಷರವೇ ಇಲ್ಲ! ಅಚ್ಚು ಹೊಡೆದ ಗುರುತಿಗೆ ಆಳ ಇರುತ್ತದೆ, ಉಗುರು ಆಡಿಸಿದರೆ ತಡೆಯುತ್ತದೆ. ಆ ನಕಲಿಯದು ಮೇಲೆ ಮೇಲೆ ಕೆರೆದ ಹಾಗಿತ್ತು.

ಹಿಡಿಯ ಪುರಾಣವೂ ಅಲ್ಲೇ ಮುಗಿಯಿತು. ಭೂತಗನ್ನಡಿ ನನ್ನ ಕೈಗೇ ಕೊಟ್ಟರು. ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಕಪ್ಪು ಚುಕ್ಕಿ. ಎಲುಬು. ದಂತದಲ್ಲಿ ಈ ಚುಕ್ಕಿ ಇರುವುದಿಲ್ಲ, ಅಡ್ಡ ಕೊಯ್ದ ಕಡೆ ಬಲೆಯಂಥ ಗೆರೆ ಕಾಣುತ್ತದೆ. "ದಂತ ಆಗಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ, ಮಾರುವುದು ಅಪರಾಧ" ಎಂದರು.

ಆಮೇಲೆ ಅಲಗನ್ನು ಕಿವಿ ಹತ್ತಿರ ಹಿಡಿದು ಟಪ್ ಎಂದು ಮಡಚಿದರು. ಸ್ಪ್ರಿಂಗ್ ಚೆನ್ನಾಗಿದೆ. ಆದರೆ ಮಸೆದೂ ಮಸೆದೂ ದೊಡ್ಡ ಅಲಗು ಸಣಕಲಾಗಿದೆ. ಅಷ್ಟೂ ಅಜ್ಜಯ್ಯನ ಅಡಿಕೆ! ಅವರು ಕಟ್ಟಿದ ಬೆಲೆ ಮೂರೂವರೆ ಸಾವಿರ. ಚಕ್ರಕ್ಕೆ ಹೋಗದಿದ್ದರೆ ಏಳರ ತನಕ ಬರುತ್ತಿತ್ತಂತೆ.

ನೋಡಿದ್ದಕ್ಕೆ 200 ರೂಪಾಯಿ, ಕ್ಯಾಶ್ ಮಾತ್ರ. ಬರೆದುಕೊಡಿ ಅಂದರೆ ಕೊಡುವುದಿಲ್ಲ, ಇದು ನನಗೆ ಸರಿ ಬರಲಿಲ್ಲ. ಪಾಲಿನ ವ್ಯವಹಾರದಲ್ಲಿ ಬಾಯಿಮಾತು ಯಾರು ನಂಬುತ್ತಾರೆ, ಅಲ್ವಾ? ಅದಕ್ಕೊಂದು ಸ್ಟಾರ್ ಕಡಿಮೆ. ಐದಕ್ಕೆ ನಾಲ್ಕು. ಮಾರಿ ಎಂದು ಒಮ್ಮೆಯೂ ಒತ್ತಾಯ ಮಾಡಲಿಲ್ಲ ಅನ್ನುವುದನ್ನೂ ಹೇಳಬೇಕು.

ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ನಿನಿಂದಲೇ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ನೀನೇ ಇಟ್ಕೋ" ಎಂದ.