ಅಬ್ಸಿಡಿಯನ್: ಬರಹ ನಿಮ್ಮ ಫೋಲ್ಡರಿನಲ್ಲೇ ಉಳಿಯುತ್ತದೆ

ಟಿಪ್ಪಣಿ ಆಪ್ ಆರಿಸುವಾಗ ಮೊದಲು ಕೇಳಬೇಕಾದ್ದು: ನಾಳೆ ಆ ಆಪ್ ನಿಂತುಹೋದರೆ ಬರೆದದ್ದು ಕೈಗೆ ಸಿಗುತ್ತದೆಯೇ? ಅಬ್ಸಿಡಿಯನ್‌ನಲ್ಲಿ ಸಿಗುತ್ತದೆ. ಇದರ ‘ವಾಲ್ಟ್’ ಅಂದರೆ ಮಾಮೂಲಿ ಫೋಲ್ಡರ್. ಪ್ರತಿ ಟಿಪ್ಪಣಿಯೂ ಒಂದು ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಬರಿಯ ಪಠ್ಯ) ಕಡತ, ನೋಟ್‌ಪ್ಯಾಡ್‌ನಲ್ಲೂ ತೆರೆದುಕೊಳ್ಳುತ್ತದೆ. ಆಪ್‌ನ ಸೋರ್ಸ್ ಕೋಡ್ ಮುಕ್ತವಲ್ಲ, ಬಳಕೆ ಮಾತ್ರ ಉಚಿತ. 2025ರಿಂದ ಕಚೇರಿ ಕೆಲಸಕ್ಕೂ ಲೈಸೆನ್ಸ್ ಕಡ್ಡಾಯವಲ್ಲ.

ಹಾಕಿಕೊಂಡ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಚಿತ್ರಗಳಿಗೆ ಬೇರೆ ಫೋಲ್ಡರ್ ಗೊತ್ತುಮಾಡಿ. ಇಲ್ಲದಿದ್ದರೆ ಅಂಟಿಸಿದ ಪ್ರತಿ ಸ್ಕ್ರೀನ್‌ಶಾಟ್ ಟಿಪ್ಪಣಿಗಳ ನಡುವೆಯೇ ಬಂದು ಬೀಳುತ್ತದೆ. ಟಿಪ್ಪಣಿಯ ಹೆಸರು ಬದಲಿಸಿದಾಗ ಅದಕ್ಕೆ ಕೊಟ್ಟ ಲಿಂಕ್‌ಗಳು ತಾವೇ ಬದಲಾಗುವ ಆಯ್ಕೆಯನ್ನೂ ಆನ್ ಮಾಡಿ. ಆಮೇಲೆ ಹೆಸರು ಬದಲಿಸುವುದಿದ್ದರೆ ಆಪ್ ಒಳಗೇ ಬದಲಿಸಿ. ಹೊರಗೆ ಫೈಲ್ ಮ್ಯಾನೇಜರಿನಲ್ಲಿ ಬದಲಿಸಿದರೆ ಹಳೆಯ ಲಿಂಕ್‌ಗಳು ಹಾಗೇ ಉಳಿದು ಕಡಿದುಹೋಗುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆದಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ, ಝಡ್‌ಡಬ್ಲ್ಯೂಎನ್‌ಜೆ, ಕೂತಿರುತ್ತದೆ. ‘ಸಾಫ್ಟ್ವೇರ್’ ಎಂದು ಒತ್ತಕ್ಷರದಲ್ಲಿ ಬರೆದರೆ ಅದಿಲ್ಲ. ನಮಗೆ ಎರಡೂ ಒಂದೇ ಪದ, ಆಪ್‌ಗೆ ಎರಡು. ಟಿಪ್ಪಣಿಯ ಹೆಸರು ಒಂದು ರೂಪದಲ್ಲಿದ್ದು ಲಿಂಕ್ ಕೊಡುವ [[ ]] ಗುರುತಿನ ಒಳಗೆ ಇನ್ನೊಂದನ್ನು ಪೂರ್ತಿ ಟೈಪ್ ಮಾಡಿದರೆ ಲಿಂಕ್ ಮಂಕಾಗಿ ಕಾಣುತ್ತದೆ. ಒತ್ತಿದರೆ ಹೊಸದೊಂದು ಖಾಲಿ ಟಿಪ್ಪಣಿ ಹುಟ್ಟುತ್ತದೆ. ಆದ್ದರಿಂದ ಎರಡಕ್ಷರ ಟೈಪ್ ಮಾಡಿ, ಕೆಳಗೆ ಬರುವ ಪಟ್ಟಿಯಿಂದಲೇ ಆರಿಸಿ. ಇನ್ನೊಂದು ರೂಪವನ್ನು ಟಿಪ್ಪಣಿಯ ‘ಅಲಿಯಾಸ್’ (ಪರ್ಯಾಯ ಹೆಸರು) ಪ್ರಾಪರ್ಟಿಯಲ್ಲಿ ಸೇರಿಸಿಡಿ.

ಟಿಪ್ಪಣಿಗಳ ನಂಟನ್ನು ಚಿತ್ರವಾಗಿ ತೋರಿಸುವ ಗ್ರಾಫ್ ನೋಡಲು ಚೆಂದ, ದಿನನಿತ್ಯ ಕೆಲಸಕ್ಕೆ ಬರುವುದು ಬ್ಯಾಕ್‌ಲಿಂಕ್ಸ್, ಅಂದರೆ ತೆರೆದ ಟಿಪ್ಪಣಿಗೆ ಲಿಂಕ್ ಕೊಟ್ಟಿರುವ ಟಿಪ್ಪಣಿಗಳ ಪಟ್ಟಿ. ಪ್ಲಗಿನ್‌ಗಳಲ್ಲಿ (ಆಪ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳು) ಕೈ ಹಿಡಿತವಿರಲಿ. ಡೇಟಾವ್ಯೂ ಎಂಬ ಪ್ಲಗಿನ್‌ನಲ್ಲಿ ಬರೆದ ಪಟ್ಟಿ ಬೇರೆ ಎಡಿಟರಿನಲ್ಲಿ ಪಟ್ಟಿಯಾಗಿ ಕಾಣದು, ಬರೀ ಕೋಡ್ ಸಾಲುಗಳಾಗಿ ಕಾಣುತ್ತದೆ.

ಹೆಚ್ಚು ಹಾನಿಯಾಗುವುದು ಸಿಂಕ್‌ನಲ್ಲಿ, ಅಂದರೆ ಸಾಧನಗಳ ನಡುವೆ ಟಿಪ್ಪಣಿಗಳನ್ನು ಹೊಂದಿಸುವಲ್ಲಿ. ಒಂದೇ ವಾಲ್ಟ್‌ಗೆ ಐಕ್ಲೌಡ್ ಮತ್ತು ಸಿಂಕ್‌ಥಿಂಗ್ ಎಂಬ ಎರಡೂ ಸಿಂಕ್ ವ್ಯವಸ್ಥೆಗಳನ್ನು ಹಚ್ಚಿದರೆ ಒಂದು ಬರೆದದ್ದನ್ನು ಇನ್ನೊಂದು ಹಳೆಯ ಪ್ರತಿಯಿಂದ ಮುಚ್ಚಬಹುದು, ನಕಲು ಕಡತಗಳೂ ಹುಟ್ಟುತ್ತವೆ. ಯಾವುದಾದರೂ ಒಂದೇ ಸಾಕು. ಬರಹ ಕಳೆದರೆ ಆಪ್ ಒಳಗಿನ ‘ಫೈಲ್ ರಿಕವರಿ’ ತೆರೆದು ನೋಡಿ: ತಾನಾಗಿ 5 ನಿಮಿಷಗಳ ಅಂತರದಲ್ಲಿ ಪ್ರತಿ ತೆಗೆದು 7 ದಿನ ಇಟ್ಟುಕೊಂಡಿರುತ್ತದೆ. ಆದರೆ ಆ ಪ್ರತಿಗಳು ಆಯಾ ಸಾಧನದಲ್ಲಷ್ಟೇ ಇರುತ್ತವೆ; ಫೋನಿನಲ್ಲಿ ತಿದ್ದಿದ್ದನ್ನು ಫೋನಿನಲ್ಲೇ ಹುಡುಕಬೇಕು.