ದೋಟಿ, ಕನ್ನಡಿ, ರೋಬೋ: ನಮ್ಮ ಬಡಾವಣೆಯ 58 ಮ್ಯಾನ್‌ಹೋಲ್‌ಗಳ ಜೊತೆ ಎರಡು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಮ್ಯಾನ್‌ಹೋಲ್ ಗುಂಡಿಯೊಳಗೆ ಏನು ಕೆಟ್ಟಿದೆ ಅಂತ ನೋಡುವ ಕೆಲಸದಲ್ಲಿ ಗೆದ್ದದ್ದು ಮಾವಿನಕಾಯಿ ಕೀಳುವ ದೋಟಿ. ರಿಪೇರಿಯಲ್ಲಿ ಮಾತ್ರ ಒಂದೇ ಹೆಸರು ಹೇಳಲು ಆಗುವುದಿಲ್ಲ. ಗುಂಡಿಗೆ ಬಂದಿರುವ ಕಾಯಿಲೆ ಯಾವುದು ಅಂತ ಗೊತ್ತಾಗದೆ ಔಷಧಿ ತಂದು ನಾವು ಎರಡು ಸಲ ದುಡ್ಡು ಕಳೆದುಕೊಂಡೆವು.

ನಮ್ಮದು ಕನಕಪುರ ರಸ್ತೆ ಕಡೆಯ ಹಳೇ ಬಡಾವಣೆ. ಇಲ್ಲಿನ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಇನ್ನೂ ಜಲಮಂಡಳಿ ಕೈಗೆ ಹೋಗಿಲ್ಲ. ನಿವಾಸಿಗಳ ಸಂಘವೇ ನೋಡಿಕೊಳ್ಳಬೇಕು. ಹಳೇ ಗುಂಡಿಗಳು ಇಟ್ಟಿಗೆಯವು, ಒಳಗೆ ಸಿಮೆಂಟ್ ಗಾರೆ. ಆಮೇಲೆ ಕಟ್ಟಿದವು ಸಿಮೆಂಟ್ ರಿಂಗ್‌ನವು. ಪೈಪು ಬಹುತೇಕ ಸ್ಟೋನ್‌ವೇರ್, ಅಂದರೆ ಸುಟ್ಟ ಜೇಡಿಮಣ್ಣಿನದು. ತಗ್ಗಿನ ಮೂಲೆಯಲ್ಲಿ ನೀರು ಸೇರುವ ಒಂದು ಬಾವಿ ಇದೆ. ಅಲ್ಲಿಂದ ಪಂಪ್ ಮಾಡಿ ಮೇಲಿನ ಲೈನಿಗೆ ಬಿಟ್ಟರೆ ಇಳಿಜಾರಿನಲ್ಲಿ ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಹೋಗುತ್ತದೆ. ಈ ಪಂಪನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ನಾನು ಸಿವಿಲ್ ಎಂಜಿನಿಯರೇ, ಆದರೆ ಜೀವನವಿಡೀ ಮಾಡಿದ್ದು ಸೇತುವೆ ಕೆಲಸ. ಸಂಘದ ಮೀಟಿಂಗಿನಲ್ಲಿ ಯಾರೋ "ಅಂಕಲ್ ಎಂಜಿನಿಯರ್ ಅಲ್ವಾ, ಅವರೇ ನೋಡ್ಲಿ" ಅಂದರು. ಹಾಗೆ ಗುಂಡಿಗೆ ಬಿದ್ದೆ.

ಗುಂಡಿ ಎಷ್ಟಿವೆ ಅನ್ನುವುದೇ ಮೊದಲು ಗೊತ್ತಿರಲಿಲ್ಲ. ನಕ್ಷೆಯಲ್ಲಿ 64. ರಸ್ತೆಯಲ್ಲಿ ಕಂಡದ್ದು 49. ಟಾರ್ ಹಾಕಿದಾಗಲೆಲ್ಲ ಮುಚ್ಚಳ ಎತ್ತರಿಸದೆ ಹಾಗೇ ಮೇಲೆ ಬಳಿದುಕೊಂಡು ಹೋಗಿದ್ದರು. ಹುಡುಕಲು ಒಂದು ಮೆಟಲ್ ಡಿಟೆಕ್ಟರ್ ಬಾಡಿಗೆಗೆ ತಂದೆವು. ಹಿಂದೆ ಇಲ್ಲೇ ಪ್ಲಂಬಿಂಗ್ ಮಾಡುತ್ತಿದ್ದ ಒಬ್ಬ ತಾತನನ್ನೂ ಕರೆಸಿದೆವು. ಡಿಟೆಕ್ಟರ್ ಐದು ಮುಚ್ಚಳ ಹುಡುಕಿತು, ಜೊತೆಗೆ ಒಂದು ಲಾರಿಯ ಮುರಿದ ಪ್ಲೇಟನ್ನೂ. ತಾತ ನಾಲ್ಕು ಹುಡುಕಿದರು, ಬೀಡಿ ಸೇದುತ್ತಾ, ಚಪ್ಪಲಿ ತುದಿಯಲ್ಲಿ ತೋರಿಸಿ. ಒಟ್ಟು 58. ಉಳಿದ ಆರು ನಕ್ಷೆಯಲ್ಲೇ ಹುಟ್ಟಿ ಅಲ್ಲೇ ಸತ್ತವು ಅಂತ ಕಾಣುತ್ತದೆ.

ಎಸ್‌ಟಿಪಿ ಕಡೆಯಿಂದ ಶುರುಮಾಡಿ ನಂಬರ್ ಕೊಟ್ಟು ಕರ್ಬ್ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆಸಿದೆವು. ಅಮೆರಿಕದ ನಾಸ್ಕೋ ಸಂಸ್ಥೆಯ ತಪಾಸಣೆ ಪದ್ಧತಿಯಿಂದ ಎರಡು ಸಂಗತಿ ಮಾತ್ರ ಎರವಲು ತಂದೆವು. ಒಂದು, ಗಡಿಯಾರ: ನೀರು ಹೊರಗೆ ಹೋಗುವ ಪೈಪು ಯಾವಾಗಲೂ 6 ಗಂಟೆ, ಮಿಕ್ಕ ಪೈಪುಗಳ ಜಾಗ ಅದರ ಲೆಕ್ಕದಲ್ಲಿ. ಇನ್ನೊಂದು, ದೋಷಕ್ಕೆ 1ರಿಂದ 5ರವರೆಗೆ ಅಂಕ, 5 ಅಂದರೆ ತೀರಾ ಕೆಟ್ಟದ್ದು. "17ನೇ ಗುಂಡಿ, 9 ಗಂಟೆಯಲ್ಲಿ ಸೋರಿಕೆ, 4" ಅಂತ ಬರೆದರೆ ಮುಂದಿನ ವರ್ಷ ಯಾರು ಓದಿದರೂ ಅರ್ಥವಾಗುತ್ತದೆ.

ಈಗ ನೋಡುವ ವಿಧಾನಗಳು. ಕನ್ನಡಿ ನಮ್ಮ ಮೇಸ್ತ್ರಿ ಕಲಿಸಿದ್ದು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಒಬ್ಬ ಮೇಲಿಂದ ಕನ್ನಡಿಯಲ್ಲಿ ಬೆಳಕನ್ನು ಗುಂಡಿಯೊಳಕ್ಕೆ ಬಿಡುತ್ತಾನೆ. ಕೋಲಿಗೆ ಕಟ್ಟಿ ಇಳಿಸಿದ ಇನ್ನೊಂದು ಕನ್ನಡಿ ಅದನ್ನು ಪೈಪಿನ ಕಡೆ ತಿರುಗಿಸುತ್ತದೆ. ಮುಂದಿನ ಗುಂಡಿಯಲ್ಲೂ ಒಂದು ಕನ್ನಡಿ ಇಳಿಸಿ ನೋಡಬೇಕು. ಹುಣ್ಣಿಮೆ ಚಂದ್ರ ಕಂಡರೆ ಪೈಪು ನೆಟ್ಟಗಿದೆ. ಅರ್ಧ ಚಂದ್ರ ಕಂಡರೆ ಎಲ್ಲೋ ಕುಸಿದಿದೆ, ಇಲ್ಲವೇ ಹೂಳು ತುಂಬಿದೆ. ಅಮಾವಾಸ್ಯೆ ಆದರೆ ಜೋರಾಗಿ ನೀರು ಹಾಯಿಸಿ ಪೈಪು ತೊಳೆಯುವ ಜೆಟ್ಟಿಂಗ್ ಗಾಡಿಗೆ ಫೋನ್ ಮಾಡಿ. ಖರ್ಚು ಏನೂ ಇಲ್ಲ. ಆದರೆ ಗುಂಡಿಯ ಗೋಡೆಯ ಬಗ್ಗೆ ಏನೂ ತಿಳಿಯುವುದಿಲ್ಲ, ಬೆಂಗಳೂರಿನ ಜುಲೈ ಮೋಡದಲ್ಲಿ ಅಂತೂ ಕೆಲಸವೇ ಆಗುವುದಿಲ್ಲ.

ರೋಬೋ ಅಂದರೆ ಚಕ್ರದ ಮೇಲೆ ಪೈಪಿನೊಳಗೆ ಹೋಗುವ ಸಿಸಿಟಿವಿ ಕ್ಯಾಮೆರಾ. ಮೀಟರ್ ಲೆಕ್ಕದಲ್ಲಿ ಬಾಡಿಗೆ. ಮೊದಲು ಜೆಟ್ಟಿಂಗ್ ಮಾಡಿ ಪೈಪು ತೊಳೆದಿರಬೇಕು, ಅದರ ಖರ್ಚು ಬೇರೆ. ಪೈಪಿನ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಮೂರು ಕಡೆ ಹೊಂಗೆ ಮರದ ಬೇರು ಜಾಯಿಂಟಿನಲ್ಲಿ ತೂರಿ ಪೊರಕೆಯ ಹಾಗೆ ಹರಡಿಕೊಂಡಿದ್ದು ಕಂಡಿತು. ಕನ್ನಡಿಯಲ್ಲಿ ಅದು ಬರೀ ಮಂಕು ಬೆಳಕಾಗಿ ಕಂಡಿತ್ತು. ಆದರೆ ಮ್ಯಾನ್‌ಹೋಲ್ ಅದಕ್ಕೆ ಬಸ್ ಸ್ಟಾಪ್ ಇದ್ದ ಹಾಗೆ. ಬಂತು, ಹೋಯಿತು. ಎರಡು ಗಂಟೆಯ ವಿಡಿಯೋ ಪೆನ್‌ಡ್ರೈವಿನಲ್ಲಿ ಕೊಟ್ಟರು. ಕಮಿಟಿಯಲ್ಲಿ ಪೂರ್ತಿ ನೋಡಿದವನು ನಾನೊಬ್ಬನೇ, ಅದೂ ನಿದ್ದೆ ಬರದ ಒಂದು ರಾತ್ರಿ.

ದೋಟಿಯ ಕಥೆ ಹೀಗೆ. ಎಳೆದರೆ ಉದ್ದವಾಗುವ ಅಲ್ಯುಮಿನಿಯಂ ದೋಟಿ ಮನೆಯಲ್ಲೇ ಇತ್ತು. ಬಲೆ ಬಿಚ್ಚಿ ಮಗಳ ಹಳೇ ಆಕ್ಷನ್ ಕ್ಯಾಮೆರಾ ಕಟ್ಟಿದೆ, ಎರಡು ಕಡೆ ಸೈಕಲ್ ಲೈಟು. ಅರ್ಧ ಮೀಟರಿಗೊಂದು ಬಣ್ಣದ ಟೇಪು ಸುತ್ತಿದೆ. ಪ್ರತಿ ಟೇಪಿನ ಮಟ್ಟದಲ್ಲಿ ನಿಲ್ಲಿಸಿ ಒಂದು ಸುತ್ತು ನಿಧಾನವಾಗಿ ತಿರುಗಿಸುವುದು, ಅಷ್ಟೇ. ಮೊದಲ ದಿನ ಎಲ್ಲ ವಿಡಿಯೋದಲ್ಲೂ ಜಿರಳೆ ಹೊಟ್ಟೆ. ಮುಚ್ಚಳ ತೆಗೆದ ತಕ್ಷಣ ಅವೆಲ್ಲ ಬೆಳಕಿನ ಕಡೆ ಅಲ್ಲ, ಕ್ಯಾಮೆರಾ ಹತ್ತಿ ಮೇಲೆ ಬರುತ್ತವೆ. ಹತ್ತು ನಿಮಿಷ ಮುಚ್ಚಳ ತೆಗೆದಿಟ್ಟು ಕಾಯುವುದು ಕಲಿತೆವು. ಡಿಸೆಂಬರ್ ಬೆಳಿಗ್ಗೆ ಇನ್ನೊಂದು ತೊಂದರೆ. ಹೊರಗೆ ಚಳಿ, ಒಳಗೆ ಬೆಚ್ಚಗಿನ ಹಬೆ, ಲೆನ್ಸ್ ಮಂಜು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸವರಿ ಒರೆಸಿದರೆ ಸರಿಹೋಗುತ್ತದೆ. ನಾಲ್ಕು ಭಾನುವಾರದಲ್ಲಿ 57 ಗುಂಡಿ ಮುಗಿಯಿತು. ಒಬ್ಬರೂ ಒಳಗೆ ಇಳಿಯಲಿಲ್ಲ. ಟೇಪಿನ ಮಟ್ಟ ಬದಲಾಗದ ಕಾರಣ ಕಳೆದ ವರ್ಷದ ಚಿತ್ರ, ಈ ವರ್ಷದ ಚಿತ್ರ ಪಕ್ಕಪಕ್ಕ ಇಟ್ಟು ನೋಡಬಹುದು. ಬಿರುಕು ಬೆಳೆದಿದೆಯೋ ಇಲ್ಲವೋ ಅಂತ ಇನ್ಯಾವ ವಿಧಾನದಲ್ಲೂ ನಮಗೆ ಗೊತ್ತಾಗಲಿಲ್ಲ.

ಒಂದು ವಿಷಯ ತಡವಾಗಿ ಹೊಳೆಯಿತು. ಮಾರ್ಚ್‌ನಲ್ಲಿ ನೋಡಿದರೆ ಗೋಡೆ ಒಣಗಿರುತ್ತದೆ, ಬರೀ ಬಿಳಿ ಗೆರೆ ಕಾಣುತ್ತದೆ. ಅದೇ ಗುಂಡಿಗೆ ಅಕ್ಟೋಬರ್ ಮಳೆಯ ಮಾರನೇ ದಿನ ಕ್ಯಾಮೆರಾ ಇಳಿಸಿದರೆ ಬಿಳಿ ಗೆರೆ ಇದ್ದಲ್ಲೆಲ್ಲ ನಲ್ಲಿ ಬಿಟ್ಟ ಹಾಗೆ ನೀರು. ಮಾರ್ಚ್‌ನಲ್ಲಿ 2 ಅಂಕ ಪಡೆದ ಗುಂಡಿಗಳು ಮಳೆಗಾಲದಲ್ಲಿ 4 ಆದವು. ಹಾಗಾಗಿ ವರ್ಷಕ್ಕೆ ಎರಡು ಸಲ ನೋಡುತ್ತೇವೆ. ಮಳೆ ಬಂದ ದಿನ ಎಸ್‌ಟಿಪಿಗೆ ನೀರು ಜಾಸ್ತಿ ಬರಲು ಇನ್ನೊಂದು ಕಾರಣವೂ ಇತ್ತು: ತಾರಸಿಯ ಮಳೆ ಪೈಪನ್ನು ಸುಮ್ನೆ ಯುಜಿಡಿಗೆ ಸೇರಿಸಿದ ಮನೆಗಳು. ತಾರಸಿಯಲ್ಲಿ ಬಟ್ಟೆ ನೀಲಿ ಕಲಸಿದ ಬಕೆಟ್ ಸುರಿದರೆ ಮುಂದಿನ ಗುಂಡಿಯಲ್ಲಿ ನೀಲಿ ಬರುತ್ತದೆ. ಏಳು ಮನೆ ಸಿಕ್ಕವು. ಅದರಲ್ಲಿ ಒಂದು ನಮ್ಮದೇ. ನನ್ನ ಹೆಂಡತಿ ಇದನ್ನು ಇನ್ನೂ ಬಿಟ್ಟಿಲ್ಲ.

ರಿಪೇರಿಗೆ ಬರುವ ಮುಂಚೆ ಗ್ಯಾಸ್ ವಿಷಯ. ಕೆಲವು ರಿಪೇರಿಗೆ ಮನುಷ್ಯರು ಇಳಿಯಲೇಬೇಕು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಕ್ಷಣಾ ಸಾಧನವಿಲ್ಲದೆ ಒಳಚರಂಡಿ ಶುಚಿಗೆ ಜನರನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹಳೇ ಮೇಸ್ತ್ರಿಗಳು ಬೆಂಕಿಕಡ್ಡಿ ಗೀರಿ ನೋಡುತ್ತಿದ್ದರಂತೆ. ಮೀಥೇನ್ ಇದ್ದರೆ ಅದೇ ಕೊನೇ ಕಡ್ಡಿ. ಕೊಳೆತ ಮೊಟ್ಟೆ ವಾಸನೆ ಇಲ್ಲ ಅಂದರೆ ಗ್ಯಾಸ್ ಇಲ್ಲ ಅನ್ನುವುದೂ ತಪ್ಪು. ಆ ವಾಸನೆಯ ಗ್ಯಾಸ್ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಹತ್ತಿರ ಹೋದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ತಿಳಿಯುವುದಿಲ್ಲ. ನಾವು ನಾಲ್ಕು ಗ್ಯಾಸ್ ತೋರಿಸುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದೆವು. ಒಂದು ಸಲ ಸೊನ್ನೆ ತೋರಿಸಿತು. ಸರಿ ಅಂತ ಕೋಲಿನಿಂದ ತಳದ ಹೂಳು ಕದಡಿದ್ದೇ ತಡ, ಕೂಗಿಕೊಂಡಿತು: 40 ಪಿಪಿಎಂ. ಅವತ್ತು ಕೆಲಸ ನಿಲ್ಲಿಸಿ ಎಲ್ಲರೂ ಕಾಫಿ ಕುಡಿದೆವು, ಮಾತಾಡದೆ. ಆಮೇಲೆ ಮೇಲಿನ ಪೈಪಿಗೆ ಗಾಳಿ ತುಂಬುವ ರಬ್ಬರ್ ಪ್ಲಗ್, ನೀರನ್ನು ಗುಂಡಿ ತಪ್ಪಿಸಿ ದಾಟಿಸುವ ಬೈಪಾಸ್ ಪಂಪ್, ಜೆಟ್‌ನಲ್ಲಿ ತೊಳೆತ, ಬ್ಲೋವರ್, ಮುಕ್ಕಾಲಿ ಮತ್ತು ಮೈಪೂರ್ತಿ ಹಿಡಿಯುವ ಬೆಲ್ಟು, ಮೇಲೆ ಒಬ್ಬ ಕಾಯಂ ಕಾವಲು, ಇಷ್ಟೂ ಇರುವ ತಂಡವನ್ನೇ ಕರೆದೆವು. ರಿಪೇರಿಗಿಂತ ಇದರ ಖರ್ಚೇ ದೊಡ್ಡದಾಯಿತು. ಯಾರೂ ತಕರಾರು ಎತ್ತಲಿಲ್ಲ.

ಪಂಪಿನ ನೀರು ಬಂದು ಬೀಳುವ 22ನೇ ಗುಂಡಿಯಿಂದ ಕೆಳಗೆ ನಾಲ್ಕು ಗುಂಡಿಗಳ ಗೋಡೆ ಕೆಟ್ಟಿತ್ತು. ಮೇಸ್ತ್ರಿ ಸ್ಕ್ರೂಡ್ರೈವರ್ ಚುಚ್ಚಿದರೆ ಒಂದು ಇಂಚು ಒಳಕ್ಕೆ ಹೋಯಿತು. "ಸಾರ್, ಇದು ಗಾರೆ ಅಲ್ಲ, ಬೆಣ್ಣೆ ಆಗೋಗಿದೆ" ಅಂದರು. ಕಾರಣ ಪಂಪೇ. ಪಂಪಿನ ಪೈಪಿನಲ್ಲಿ ಗಾಳಿ ಇಲ್ಲ. ಗಂಟೆಗಟ್ಟಲೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಸಲ್ಫೇಟನ್ನು ಸಲ್ಫೈಡ್ ಮಾಡುತ್ತದೆ. ನೀರು ಗುಂಡಿಯಲ್ಲಿ ಧುಮುಕಿದಾಗ ಅದೇ ಕೊಳೆತ ಮೊಟ್ಟೆ ಗ್ಯಾಸ್ ಹೊರಬಂದು ಮೇಲಿನ ಒದ್ದೆ ಗೋಡೆಗೆ ಸೇರುತ್ತದೆ. ಅಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಸಿಡ್ ಮಾಡುತ್ತದೆ. ಸಿಮೆಂಟ್ ಕರಗಿ ಜಿಪ್ಸಂ ಆಗುತ್ತದೆ. ಅದಕ್ಕೇ ನೀರಿನ ಮಟ್ಟದಿಂದ ಕೆಳಗೆ ಗೋಡೆ ಚೆನ್ನಾಗಿತ್ತು, ಮೇಲೆ ಬೆಣ್ಣೆ. ದೋಟಿ ತುದಿಗೆ ಆಸಿಡ್ ಇದೆಯೇ ಅಂತ ತೋರಿಸುವ ಪಿಎಚ್ ಪೇಪರ್ ಕಟ್ಟಿ ಗೋಡೆಗೆ ಒತ್ತಿದೆವು. ಹೊಸ ಸಿಮೆಂಟ್ 12ರ ಮೇಲೆ ತೋರಿಸಬೇಕು. ಇಲ್ಲಿ 2, ಅಂದರೆ ಜೋರು ಆಸಿಡ್.

ನಾಲ್ಕು ಗುಂಡಿ, ಒಂದೇ ಕಾಯಿಲೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಅವಕಾಶ ಸಿಗದು. 22ಕ್ಕೆ ಮಾಮೂಲಿ ಸಿಮೆಂಟ್ ಗಾರೆ, ವಾಟರ್‌ಪ್ರೂಫಿಂಗ್ ಲಿಕ್ವಿಡ್ ಬೆರೆಸಿ. 21ಕ್ಕೆ ಹೈ ಅಲ್ಯುಮಿನಾ ಅನ್ನುವ ಬೇರೆ ಜಾತಿಯ ಸಿಮೆಂಟಿನ ಗಾರೆ. 20ಕ್ಕೆ ಮಾಮೂಲಿ ಗಾರೆ, ಮೇಲೆ ಎರಡು ಕೋಟ್ ಎಪಾಕ್ಸಿ, ಅಂದರೆ ಗಟ್ಟಿಯಾಗುವ ರಾಳದ ಲೇಪ. 19ಕ್ಕೂ ಹೈ ಅಲ್ಯುಮಿನಾ.

ಮಾಮೂಲಿ ಗಾರೆ ನೋಡಲು ಬಹಳ ಚೆಂದ ಬಂತು, ಕನ್ನಡಿಯ ಹಾಗೆ. ಹದಿನಾಲ್ಕು ತಿಂಗಳಿಗೆ ಸ್ಕ್ರೂಡ್ರೈವರ್ ಮತ್ತೆ ಅರ್ಧ ಇಂಚು ಇಳಿಯಿತು. ಆಸಿಡ್‌ಗೆ ಅದು ಹೊಸ ಊಟ, ಅಷ್ಟೇ.

ಎಪಾಕ್ಸಿ ಬಗ್ಗೆ ನನಗೆ ಅತಿ ಹೆಚ್ಚು ನಂಬಿಕೆ ಇತ್ತು, ಸೇತುವೆ ಕೆಲಸದ ಅಭ್ಯಾಸ. ಆರು ತಿಂಗಳಿಗೆ ಗುಳ್ಳೆ, ಹತ್ತು ತಿಂಗಳಿಗೆ ಒಂದು ಕಡೆ ದೋಸೆಯ ಹಾಗೆ ಎದ್ದು ಬಂತು. ತಪ್ಪು ಎಪಾಕ್ಸಿಯದ್ದಲ್ಲ. ಇಟ್ಟಿಗೆಯ ಹಿಂದಿನಿಂದ ನೆಲದ ನೀರು ತಳ್ಳುತ್ತಿತ್ತು, ಹಚ್ಚುವಾಗಲೂ ಗೋಡೆ ಪೂರ್ತಿ ಒಣಗಿರಲಿಲ್ಲ. ಕಂಟ್ರಾಕ್ಟರ್ ಅವಸರ ಮಾಡಿದರು, ನಾನೂ ತಡೆಯಲಿಲ್ಲ. ಆಮೇಲೆ ಮೇಲಿನ ದಿಣ್ಣೆಯಲ್ಲಿರುವ ಒಣ ಸಿಮೆಂಟ್ ರಿಂಗ್ ಗುಂಡಿಗೆ ಅದೇ ಎಪಾಕ್ಸಿ ಹಚ್ಚಿಸಿದೆವು. ಇವತ್ತಿಗೂ ಉಗುರು ಹಾಕಿದರೆ ಏಳುವುದಿಲ್ಲ.

ಹೈ ಅಲ್ಯುಮಿನಾ ದುಬಾರಿ, ನಮ್ಮ ಲೆಕ್ಕದಲ್ಲಿ ಮಾಮೂಲಿ ಗಾರೆಯ ಮೂರು ಪಟ್ಟು. ಬೇಗ ಗಟ್ಟಿಯಾಗುತ್ತದೆ, ಕಲಸಿದ್ದನ್ನು ಇಟ್ಟುಕೊಂಡು ಬೀಡಿ ಹಚ್ಚುವ ಹಾಗಿಲ್ಲ. 21ರಲ್ಲಿ ಕೆಲಸ ಮಾಡುವಾಗ ಗಾರೆಯವನು "ಹಿಡಿತ ಬರ್ಲಿ" ಅಂತ ಒಂದು ಹಿಡಿ ಮಾಮೂಲಿ ಸಿಮೆಂಟ್ ಬಕೆಟ್ಟಿಗೆ ಹಾಕಿದ. ನೋಡನೋಡುತ್ತಲೇ ಬಕೆಟ್ಟಿನಲ್ಲೇ ಕಲ್ಲಾಯಿತು, ಕರಣೆ ಸಮೇತ. ಇವೆರಡನ್ನು ಬೆರೆಸಿದರೆ ಹಾಗೇ ಆಗುವುದು. ಆ ಬಕೆಟ್ ಈಗ ಪಂಪ್‌ಹೌಸ್ ಬಾಗಿಲಿಗೆ ಒರಗು ಕಲ್ಲು. ಆದರೆ ಎರಡು ಮಳೆಗಾಲ ಕಳೆದ ಮೇಲೂ 21 ಮತ್ತು 19ರಲ್ಲಿ ಸ್ಕ್ರೂಡ್ರೈವರ್ ಗೀರು ಮಾತ್ರ ಹಾಕಿತು. ಆಸಿಡ್ ಇರುವ ಒದ್ದೆ ಗುಂಡಿಗೆ ನನ್ನ ಆಯ್ಕೆ ಇದೇ. ಫೈಬರ್ ಗ್ಲಾಸಿನ ರೆಡಿಮೇಡ್ ಕೊಳವೆ ಇಳಿಸುವುದಕ್ಕೂ ಕೊಟೇಶನ್ ತರಿಸಿದ್ದೆವು. ಕಮಿಟಿ ಓದಿ ಮಡಚಿಟ್ಟಿತು.

ಸೋರುವ ಗುಂಡಿಗಳ ಕಥೆ ಬೇರೆ, ಅಲ್ಲಿ ಆಸಿಡ್ ಇಲ್ಲ. ನಿಮಿಷದಲ್ಲಿ ಗಟ್ಟಿಯಾಗುವ ಪ್ಲಗ್ ಸಿಮೆಂಟ್ ತೂತಿಗೆ ಒತ್ತಿದೆವು. ಸೋರಿಕೆ ನಿಂತಿತು. ಮಾರನೇ ವಾರ ಒಂದು ಅಡಿ ಪಕ್ಕದಲ್ಲಿ ಶುರುವಾಯಿತು. ಗೋಡೆಯಲ್ಲಿ ಸಣ್ಣ ತೂತು ಕೊರೆದು ಪಿಯು ಗ್ರೌಟ್ (ಪಾಲಿಯುರೆಥೇನ್ ದ್ರವ) ಪಂಪ್ ಮಾಡಿದಾಗ ಅದು ನೀರಿನ ಜೊತೆ ಸೇರಿ ನೊರೆಯಾಗಿ ಉಬ್ಬಿ ಇಟ್ಟಿಗೆ ಹಿಂದೆಲ್ಲ ತುಂಬಿಕೊಂಡಿತು. ಅಲ್ಲಿಗೆ ಮುಗಿಯಿತು. ಆದರೂ ಮೊದಲು ಕತ್ತು ನೋಡಿ. ಮುಚ್ಚಳದ ಫ್ರೇಮ್ ಕೂರುವ ಕತ್ತಿನಲ್ಲಿ ಎತ್ತರ ಸರಿಮಾಡಲು ಇಟ್ಟಿಗೆ ಚೂರು, ಮಣ್ಣು ತುಂಬಿರುತ್ತಾರೆ. ನಮ್ಮಲ್ಲಿ ಮಳೆ ನೀರು ಬಂದ ಗುಂಡಿಗಳಲ್ಲಿ ಅರ್ಧಕ್ಕೂ ಹೆಚ್ಚು ಸೋರುತ್ತಿದ್ದದ್ದು ಅಲ್ಲೇ. ಸಿಮೆಂಟ್ ರಿಂಗ್ ಕೂರಿಸಿದರೆ ಸಾಕು, ಯಾರೂ ಒಳಗೆ ಇಳಿಯಬೇಕಿಲ್ಲ.

ಮುಚ್ಚಳದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೀಡು ಕಬ್ಬಿಣದ್ದು ಗಟ್ಟಿ, ಆದರೆ ಮೂರು ಕಳುವಾದವು. ಫೈಬರಿನದು ಹಗುರ, ರಾತ್ರಿ ಬೈಕ್ ಹೋದರೆ ಡಬ್ ಡಬ್. ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ಸುಮ್ಮನಾಯಿತು. ಸ್ಟೀಲ್ ಫೈಬರ್ ಕಾಂಕ್ರೀಟಿನದು ನಮಗೆ ಒಗ್ಗಿತು. ತಗೊಳ್ಳುವಾಗ ಮೇಲೆ ಅಚ್ಚಾಗಿರುವುದನ್ನು ಓದಿ: ಎಂಡಿ-10 ಅಂದರೆ 10 ಟನ್, ಎಚ್‌ಡಿ-20 ಅಂದರೆ 20. ನಾವು ಒಳ ರಸ್ತೆ ತಾನೇ ಅಂತ ಎಂಡಿ-10 ಹಾಕಿಸಿದೆವು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಒಳ ರಸ್ತೆಗೇ ಬರುವುದು ಅಂತ ಹೊಳೆಯಲಿಲ್ಲ. ಎರಡು ಒಡೆದವು.

57 ಅಂತ ಹೇಳಿದೆನಲ್ಲ, ಉಳಿದದ್ದು 41ನೇ ಗುಂಡಿ. ಅದರ ಮೇಲೆ ಒಬ್ಬರ ಕಾರಿನ ರ‍್ಯಾಂಪ್ ಇದೆ. ಮಗಳ ಮದುವೆ ಮುಗಿಯಲಿ, ಆಮೇಲೆ ಒಡೆಸೋಣ ಅಂದಿದ್ದಾರೆ. 40ರಲ್ಲೂ 42ರಲ್ಲೂ ಕನ್ನಡಿ ಇಳಿಸಿ ನೋಡಿದೆವು. ಅರ್ಧ ಚಂದ್ರ.