ಗುಡಿಸಿದರೆ ಸಾಕೇ, ಡಿಸ್ಕ್ ಬದಲಿಸಬೇಕೇ: ಹಳೆಯ ಲ್ಯಾಪ್‌ಟಾಪ್ ಮೇಲೆ ಮಾಡಿ ನೋಡಿದ ಹೋಲಿಕೆ

ಮಂಡ್ಯಕ್ಕೆ ಹೊಂದಿಕೊಂಡಿರುವ ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘದ ನಡಾವಳಿಯನ್ನೂ ಲೆಕ್ಕಪತ್ರವನ್ನೂ ನಾನು ಬರೆದಿಡುವುದು 2016ರಲ್ಲಿ ಕೊಂಡ ಲ್ಯಾಪ್‌ಟಾಪ್‌ನಲ್ಲಿ. ಅದರಲ್ಲಿದ್ದದ್ದು 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10. ಕಳೆದ ವರ್ಷದ ಹೊತ್ತಿಗೆ ಅದು ಎಷ್ಟು ನಿಧಾನವಾಗಿತ್ತೆಂದರೆ, ಗುಂಡಿ ಒತ್ತಿ ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕಿ ಬಂದರೂ ಕನ್ನಡ ಬರೆಯುವ ನುಡಿ ತಂತ್ರಾಂಶ ತೆರೆದುಕೊಂಡಿರುತ್ತಿರಲಿಲ್ಲ. ಹೊಸದನ್ನು ಕೊಳ್ಳುವ ಮುನ್ನ ಜನ ಹೇಳುವ ಉಪಾಯಗಳನ್ನೆಲ್ಲ ಒಂದರ ನಂತರ ಒಂದರಂತೆ ಮಾಡಿ ನೋಡಲು ನಿರ್ಧರಿಸಿದೆ.

ಅಳತೆಗೆ ಒಂದೇ ಕ್ರಮವನ್ನು ಇಟ್ಟುಕೊಂಡೆ. ರೀಸ್ಟಾರ್ಟ್ ಒತ್ತಿದ ಕ್ಷಣದಿಂದ ನುಡಿಯಲ್ಲಿ ಮೊದಲ ಅಕ್ಷರ ಮೂಡುವವರೆಗಿನ ಹೊತ್ತನ್ನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಶಟ್‌ಡೌನ್ ಬದಲು ರೀಸ್ಟಾರ್ಟ್ ಆರಿಸಿಕೊಂಡದ್ದಕ್ಕೆ ಕಾರಣವಿದೆ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಹಾಗೆಯೇ ಉಳಿದು ಮರಳಿ ಎದ್ದು ಬರುವುದರಿಂದ ಅಳತೆ ತಪ್ಪುತ್ತದೆ. ಮೊದಲ ದಿನದ ಲೆಕ್ಕ 6 ನಿಮಿಷ 20 ಸೆಕೆಂಡು.

ಮೊದಲು ವಿಂಡೋಸ್‌ನಲ್ಲೇ ಇರುವ ಸಾಧನಗಳನ್ನು ಬಳಸಿದೆ. ಡಿಸ್ಕ್ ಕ್ಲೀನಪ್ ಓಡಿಸಿ ತಾತ್ಕಾಲಿಕ ಕಡತಗಳನ್ನೂ ಹಳೆಯ ಅಪ್‌ಡೇಟ್ ಅವಶೇಷಗಳನ್ನೂ ಅಳಿಸಿದಾಗ ಹಲವು ಜಿಬಿ ಜಾಗ ಬಿಡುಗಡೆಯಾಯಿತು, ಆದರೆ ಗಡಿಯಾರದ ಮೇಲೆ ಅದರ ಪರಿಣಾಮ ಕಾಣಲೇ ಇಲ್ಲ. ಡಿಸ್ಕ್ ಕಂಠಮಟ್ಟ ತುಂಬಿದ್ದರೆ ಮಾತು ಬೇರೆ, ನನ್ನದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಇತ್ತು. ನಿಜವಾದ ಲಾಭ ಬಂದದ್ದು ಟಾಸ್ಕ್ ಮ್ಯಾನೇಜರ್‌ನಿಂದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಸ್ಟಾರ್ಟಪ್ ಪಟ್ಟಿಯನ್ನು ತೆರೆದರೆ, ಎಂದೋ ಮಾರಿದ ಪ್ರಿಂಟರ್‌ನ ಸಹಾಯಕ ತಂತ್ರಾಂಶವೂ ಸೇರಿ ಹನ್ನೊಂದು ಹೆಸರುಗಳು ಸಾಲಾಗಿ ನಿಂತಿದ್ದವು. ಮೂರನ್ನು ಉಳಿಸಿ ಮಿಕ್ಕವನ್ನು ನಿಷ್ಕ್ರಿಯಗೊಳಿಸಿದೆ. ಅವಧಿ ಮುಗಿದಿದ್ದ ಆಂಟಿವೈರಸ್ಸನ್ನೂ ತೆಗೆದುಹಾಕಿದೆ, ಅದು ಹೋದ ಮೇಲೆ ವಿಂಡೋಸ್‌ನ ಡಿಫೆಂಡರ್ ತಾನಾಗಿ ಕೆಲಸಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ಲದೆ ಹೊತ್ತು 4 ನಿಮಿಷ 35 ಸೆಕೆಂಡಿಗೆ ಇಳಿಯಿತು.

ಎರಡನೆಯದಾಗಿ, ಒಂದೇ ಗುಂಡಿಯಲ್ಲಿ ಎಲ್ಲವನ್ನೂ ಶುಚಿಗೊಳಿಸುವುದಾಗಿ ಹೇಳುವ ಕ್ಲೀನರ್ ತಂತ್ರಾಂಶವೊಂದನ್ನು ಹಾಕಿದೆ. ಅದು ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ನೂರಾರು ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ಹೆದರಿಸಿತು. ರಿಜಿಸ್ಟ್ರಿಯಲ್ಲಿ ಲಕ್ಷಗಟ್ಟಲೆ ನಮೂದುಗಳಿರುವಾಗ ಕೆಲವು ನೂರನ್ನು ಕಿತ್ತರೆ ವೇಗ ಹೆಚ್ಚುವುದಿಲ್ಲವೆಂಬುದು ಆಗ ನನಗೆ ಹೊಳೆಯಲಿಲ್ಲ. ಸರಿಪಡಿಸು ಎಂದು ಒತ್ತಿದ ಮೇಲೆ ಉಳಿತಾಯವಾದದ್ದು 5 ಸೆಕೆಂಡು ಮಾತ್ರ, ಜೊತೆಗೆ ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಲಾಗಿನ್‌ಗಳೆಲ್ಲ ಹೋದವು. ಬ್ರೌಸರ್ ಸಂಗ್ರಹವನ್ನು ಅಳಿಸಿದ್ದರಿಂದ ಒಂದೆರಡು ದಿನ ಜಾಲತಾಣಗಳು ಇನ್ನಷ್ಟು ತಡವಾಗಿ ತೆರೆದುಕೊಂಡವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಈ ವರ್ಗದ ತಂತ್ರಾಂಶಗಳಲ್ಲಿ ಅತ್ಯಂತ ಹೆಸರಾದ ಸಿಕ್ಲೀನರ್‌ನ ಒಂದು ಆವೃತ್ತಿಗೆ 2017ರಲ್ಲಿ ದಾಳಿಕೋರರು ದುರುದ್ದೇಶದ ಕೋಡನ್ನು ಸೇರಿಸಿದ್ದರು. ನಾನು ಬಳಸಿದ್ದು ಅದಲ್ಲ, ಆದರೂ ಯಂತ್ರದ ಬೀಗದ ಕೈಯನ್ನೆಲ್ಲ ಇಂಥ ಒಂದು ತಂತ್ರಾಂಶದ ಕೈಗೆ ಕೊಡುವ ಮುನ್ನ ಆ ಪ್ರಸಂಗವನ್ನು ನೆನೆಯುವುದು ಒಳ್ಳೆಯದು.

ಫ್ಯಾನಿನ ಧೂಳು ತೆಗೆಸಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಪಕ್ಕದಲ್ಲೇ ಆಲೆಮನೆ ಇರುವುದರಿಂದ ಒಳಗಿನ ಜಾಲರಿಯಲ್ಲಿ ಮಸಿ ಬೆರೆತ ಧೂಳು ಕಂಬಳಿಯ ಹಾಗೆ ಕೂತಿತ್ತು. ಬಿಸಿ ಮಿತಿಮೀರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಧೂಳು ಹೋದ ಮೇಲೆ ಯಂತ್ರ ತೆರೆಯುವ ಹೊತ್ತು ಬದಲಾಗದಿದ್ದರೂ, ಮಧ್ಯಾಹ್ನದ ಹೊತ್ತು ಎಕ್ಸೆಲ್ ತಡವರಿಸುವುದು ನಿಂತಿತು.

ಮೂರನೆಯ ದಾರಿ ವಿಂಡೋಸ್ ರೀಸೆಟ್, ಅಂದರೆ ವಿಂಡೋಸನ್ನು ಹೊಸದಾಗಿ ಮತ್ತೆ ಸ್ಥಾಪಿಸುವುದು. ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆ ಇದ್ದರೂ ತಂತ್ರಾಂಶಗಳೆಲ್ಲ ಅಳಿಸಿಹೋಗುತ್ತವೆ, ಆದ್ದರಿಂದ ನುಡಿಯಿಂದ ಹಿಡಿದು ಪ್ರಿಂಟರ್ ಡ್ರೈವರ್‌ವರೆಗೆ ಮತ್ತೆ ಹಾಕಬೇಕಾಯಿತು. ಇಡೀ ಭಾನುವಾರ ಇದಕ್ಕೇ ಹೋಯಿತು. ಸಿಕ್ಕಿದ್ದು 3 ನಿಮಿಷ 50 ಸೆಕೆಂಡು, ಆದರೆ ಅಪ್‌ಡೇಟುಗಳೆಲ್ಲ ಬಂದು ಕೂತ ಮೇಲೆ ಅದೂ 4 ನಿಮಿಷ ದಾಟಿತು.

ಅಷ್ಟು ಹೊತ್ತಿಗೆ ಇನ್ನೊಂದು ಚಿಂತೆ ಸೇರಿಕೊಂಡಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್, ನನ್ನದು 6ನೆಯದು. ಹಾಗಾಗಿ ನಾಲ್ಕನೆಯ ಪ್ರಯೋಗವಾಗಿ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ, ಆಮೇಲೆ ಅದೇ ಹಾರ್ಡ್ ಡಿಸ್ಕಿನ ಒಂದು ಭಾಗದಲ್ಲಿ ಸ್ಥಾಪಿಸಿದೆ. ಅಲ್ಲಿನ ಬರವಣಿಗೆಯ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಮೊದಲ ಅಕ್ಷರ ಮೂಡಲು 2 ನಿಮಿಷ 10 ಸೆಕೆಂಡು ಸಾಕಾಯಿತು. ಆದರೆ ನುಡಿ ವಿಂಡೋಸ್‌ಗಾಗಿ ರೂಪಿಸಿದ ತಂತ್ರಾಂಶ. ನುಡಿಯಲ್ಲಿರುವ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುವುದರಿಂದ ಟೈಪಿಂಗ್‌ಗೆ ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ. ತೊಡಕು ಇದ್ದದ್ದು ಹಳೆಯ ನಡಾವಳಿಗಳಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ಗಿಂತ ಹಿಂದಿನ ನುಡಿ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು, ಫಾಂಟ್ ಇಲ್ಲದಿದ್ದರೆ ಸಂಘದ ಠರಾವು ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಪ್ಪೆಯಾಗಿ ಕಾಣುತ್ತದೆ.

ಈ ಎಲ್ಲ ಪ್ರಯೋಗಗಳ ನಡುವೆ ಒಂದು ಅಂಶ ಮಾತ್ರ ಬದಲಾಗಿರಲಿಲ್ಲ. ವಿಂಡೋಸ್ ಏಳುವಾಗಲೆಲ್ಲ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಎಂಬ ಅಂಕಣ 100 ಪ್ರತಿಶತ ತೋರಿಸುತ್ತಿತ್ತು, ಪ್ರೊಸೆಸರ್ ಮಾತ್ರ ಆರಾಮವಾಗಿ ಕೂತಿರುತ್ತಿತ್ತು. ನಿಮಿಷಕ್ಕೆ 5400 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ತುಣುಕು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ತಲೆ ಸರಿಯಾದ ಪಥಕ್ಕೆ ಸರಿಯುವ ಹೊತ್ತು ಬೇರೆ. ಹಾಗಾಗಿ ಅಲ್ಲೊಂದು ಇಲ್ಲೊಂದು ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರಷ್ಟೂ ಓದಲಾರದು, ವಿಂಡೋಸ್ ಏಳುವಾಗ ಬೇಕಾಗುವುದು ಅಂಥವು ಸಾವಿರಾರು. 4 ಜಿಬಿ ರ‍್ಯಾಮ್ ತುಂಬಿ ಉಕ್ಕಿದ ದತ್ತಾಂಶವೂ ಅದೇ ಡಿಸ್ಕಿಗೆ ಬಂದು ಬೀಳುತ್ತಿತ್ತು.

ಮಂಡ್ಯದ ಒಂದು ಅಂಗಡಿಯಲ್ಲಿ ಹೊಸದನ್ನೇ ಕೊಳ್ಳಿ ಎಂದರು. ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋಗಿ, ದೇವರಾಜ ಅರಸು ರಸ್ತೆಯ ಬಳಿಯ ಇನ್ನೊಂದು ಅಂಗಡಿಯಲ್ಲಿ ಹಾರ್ಡ್ ಡಿಸ್ಕಿನ ಜಾಗಕ್ಕೆ, ಚಿಪ್‌ಗಳಲ್ಲಿ ದತ್ತಾಂಶ ಉಳಿಸುವ 256 ಜಿಬಿಯ ಸಾಟಾ ಎಸ್‌ಎಸ್‌ಡಿಯನ್ನು ಹಾಕಿಸಿ, ರ‍್ಯಾಮನ್ನು 8 ಜಿಬಿಗೆ ಏರಿಸಿದೆ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಡಿಡಿಆರ್3ಎಲ್, ಡಿಡಿಆರ್4 ಎರಡೂ ಬಗೆ ಇರುವುದರಿಂದ ರ‍್ಯಾಮ್ ಕೊಳ್ಳುವ ಮೊದಲು ತಳಭಾಗ ಬಿಚ್ಚಿಸಿ ನೋಡುವುದು ಕ್ಷೇಮ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತಲೆಯೂ ಇಲ್ಲ. ಮೊದಲು ಎಸ್‌ಎಸ್‌ಡಿಯೊಂದನ್ನೇ ಹಾಕಿ ಅಳೆದಾಗ 52 ಸೆಕೆಂಡು, ರ‍್ಯಾಮ್ ಸೇರಿಸಿದ ಮೇಲೆ 48. ಹೆಚ್ಚಿದ ರ‍್ಯಾಮಿನ ಉಪಕಾರ ತಿಳಿದದ್ದು ಬ್ರೌಸರಿನಲ್ಲಿ ಹತ್ತಾರು ಪುಟ ತೆರೆದಿಟ್ಟಾಗ. ಒಟ್ಟು ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಆರನೇ ಒಂದು ಪಾಲನ್ನೂ ಮುಟ್ಟಲಿಲ್ಲ.

ನನ್ನನ್ನು ಕೇಳುವವರಿಗೆ ನಾನು ಹೇಳುವ ಕ್ರಮ ಇಷ್ಟೇ: ಸ್ಟಾರ್ಟಪ್ ಪಟ್ಟಿ, ಫ್ಯಾನಿನ ಧೂಳು, ಬಳಿಕ ನೇರವಾಗಿ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕನ್ನು ಉಳಿಸಿಕೊಂಡು ರೀಸೆಟ್‌ಗೆ ಭಾನುವಾರ ಕಳೆಯುವುದು ವ್ಯರ್ಥ, ಕ್ಲೀನರ್ ತಂತ್ರಾಂಶದ ಅಗತ್ಯವೇ ಇಲ್ಲ. ಈಗ ಎಸ್‌ಎಸ್‌ಡಿಯನ್ನು ಎರಡು ಪಾಲು ಮಾಡಿ, ಇಂಟರ್‌ನೆಟ್ ಬೇಕಾದ ಕೆಲಸಕ್ಕೆ ಮಿಂಟ್, ಹಳೆಯ ನುಡಿ ಕಡತಗಳಿಗೆ ವಿಂಡೋಸ್ 10 ಎಂದು ಹಂಚಿದ್ದೇನೆ. ಬೆಂಬಲ ಮುಗಿದಿರುವ ವಿಂಡೋಸ್ ಕಡೆ ವೈಫೈ ಆಫ್ ಮಾಡಿಟ್ಟು, ನಡಾವಳಿಗಳನ್ನು ವರ್ಷದ ಪ್ರಕಾರ ಒಂದೊಂದಾಗಿ ಯೂನಿಕೋಡ್‌ಗೆ ಬದಲಿಸುತ್ತಿದ್ದೇನೆ, ಸದ್ಯ 2019ರವರೆಗಿನವು ಮುಗಿದಿವೆ.